ಶೂನ್ಯಬಡ್ಡಿ ಸಂಪಾದನೆ: ಬೆಜವಾಡ ಪಾಠ ಮತ್ತು ವೈಜಾಗ್ ಪಾಠ

ನಮ್ಮ ವಿದ್ವಾಂಸರು ತಾಳೆಗರಿ ಓದಿದ್ದಾರೆ, ತಾಮ್ರಪಟ ಓದಿದ್ದಾರೆ, ಎಮ್ಮೆ ಮೈ ತಿಕ್ಕಿ ತಿಕ್ಕಿ ಸವೆದ ವೀರಗಲ್ಲನ್ನೂ ಓದಿದ್ದಾರೆ. ಮೊಬೈಲ್ ಅಂಗಡಿಯ ಬಿಲ್ಲಿನ ಹಿಂಬದಿಯನ್ನು ಮಾತ್ರ ಯಾರೂ ಓದಿಲ್ಲ. ವೀರಗಲ್ಲಿನ ಅಕ್ಷರ ಸವೆಯಲು ಎಂಟುನೂರು ವರ್ಷ ಬೇಕಾಯಿತು. ಈ ಬಿಲ್ಲಿನ ಅಕ್ಷರ ಸವೆದೇ ಹುಟ್ಟುತ್ತದೆ. ಈ ಶಾಸನಶಾಖೆ ಅನಾಥವಾಗಿ ಬಿದ್ದಿರುವುದನ್ನು ಕಂಡು, ಬೇರೆ ಯಾರೂ ಮುಂದೆ ಬಾರದ ಕಾರಣ, ನಾನೇ ಕೈಹಾಕಿದ್ದೇನೆ.

ನನ್ನ ಅರ್ಹತೆ ಇಷ್ಟು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ ಮಚಲೀಪಟ್ಟಣದಲ್ಲಿ 1923ರಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ 2020ರ ಏಪ್ರಿಲ್ 1ರಂದು ಒಂದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಇಂಥ ವಿಲೀನಗಳ ಕಾಲದಲ್ಲಿ ವರ್ಗವಾಗಿ ಬೆಜವಾಡಕ್ಕೆ ಬಂದು ಬಿದ್ದ ಕರಾವಳಿಯ ಬ್ಯಾಂಕ್ ಗುಮಾಸ್ತ ನಾನು. (ಹಲಗೆಯ ಮೇಲೆ ವಿಜಯವಾಡ ಎಂದು ಬರೆದಿದ್ದರೂ ಹಳಬರ ಬಾಯಲ್ಲಿ ಅದು ಬೆಜವಾಡವೇ.) ಅಕ್ಕನ ಗಂಡ, ಅಂದರೆ ಭಾವ, ವಿಶಾಖಪಟ್ಟಣದ, ಅಂದರೆ ವೈಜಾಗಿನ, ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರ್. ನಮ್ಮಿಬ್ಬರ ನಡುವೆ 350 ಕಿಲೋಮೀಟರ್, ಒಂದು ರತ್ನಾಚಲ್ ಎಕ್ಸ್‌ಪ್ರೆಸ್, ಮತ್ತು ಇನ್ನೂ ಬಗೆಹರಿಯದ ಒಂದು ಸಿದ್ಧಾಂತಭೇದ.

ಪರಿಭಾಷೆಯಿಂದ ಶುರುಮಾಡಬೇಕು. ಗಡಿ ದಾಟಿದ ಕನ್ನಡಿಗ ಮೊದಲು ಎಡವುವುದು ಇಲ್ಲೇ. ಬೆಸೆಂಟ್ ರೋಡಿನ ಅಂಗಡಿಯಲ್ಲಿ ಹುಡುಗನೊಬ್ಬ ‘ಅಪ್ಪು ಕಾವಾಲಾ ಸಾರ್?’ ಎಂದು ಕೇಳಿದಾಗ ನನ್ನ ಕಣ್ಣಲ್ಲಿ ನೀರಾಡಿತು. ಪುನೀತ್ ಇಲ್ಲಿಯವರೆಗೂ ಬಂದಿದ್ದಾರಲ್ಲ ಎಂದುಕೊಂಡೆ. ತೆಲುಗಿನಲ್ಲಿ ಅಪ್ಪು ಎಂದರೆ ಸಾಲ. ಕನ್ನಡದಲ್ಲಿ ಅಪ್ಪು ಎಂದರೆ ತಬ್ಬಿಕೊಳ್ಳುವುದು. ಎರಡೂ ಭಾಷೆಯಲ್ಲಿ ಎದುರಿನವನು ಬಿಡುವವರೆಗೆ ಬಿಡಿಸಿಕೊಳ್ಳಲಾಗದು ಎಂಬುದನ್ನು ಗಮನಿಸಿದರೆ, ಇದು ಒಂದೇ ಮೂಲದ ಪದವಲ್ಲ ಎನ್ನುವ ಭಾಷಾವಿಜ್ಞಾನಿಗಳು ಕಾರ್ಡ್ ಉಜ್ಜಿದವರಲ್ಲ ಎಂದಷ್ಟೇ ಹೇಳಬಹುದು. ನಮ್ಮ ‘ಕಂತು’ ಅಲ್ಲಿ ‘ವಾಯಿದಾ’. ಅದು ಅರಬ್ಬಿಯ ವಾಗ್ದಾನದಿಂದ ಬಂದದ್ದು. ಅದೇ ಪದಕ್ಕೆ ತೆಲುಗಿನಲ್ಲಿ ‘ಮುಂದೂಡಿಕೆ’ ಎಂಬ ಅರ್ಥವೂ ಇದೆ, ಕನ್ನಡದ ‘ವಾಯಿದೆ’ಯಲ್ಲಿ ಅದು ‘ಗಡುವು’. ಮಾತು ಕೊಡು, ಮುಂದೂಡು, ಗಡುವು ಮೀರು: ಇಎಂಐಯ ಪೂರ್ಣ ಜಾತಕ ಒಂದೇ ಶಬ್ದದಲ್ಲಿ ಅಡಗಿದೆ. ಸುಮತಿ ಶತಕದ ಪದ್ಯವೊಂದು ವಾಸಕ್ಕೆ ಯೋಗ್ಯವಾದ ಊರಿನ ಲಕ್ಷಣ ಹೇಳುವಾಗ ಸಾಲ ಕೊಡುವವನನ್ನು ಮೊದಲು ನಿಲ್ಲಿಸಿ, ವೈದ್ಯನನ್ನೂ ಬತ್ತದ ಹೊಳೆಯನ್ನೂ ಅವನ ಹಿಂದೆ ನಿಲ್ಲಿಸುತ್ತದೆ. ಸಾಲದ ಬಗ್ಗೆ ನಮ್ಮ ಸರ್ವಜ್ಞ ಹೇಳಿದ್ದು ಎಲ್ಲರಿಗೂ ಬಾಯಿಪಾಠ. ಆದ್ದರಿಂದಲೇ ಯಾರೂ ಪಾಲಿಸಿಲ್ಲ, ನಾನೂ ಉದ್ಧರಿಸುವುದಿಲ್ಲ.

ಇನ್ನು ಇತಿಹಾಸ. 1995ರ ಜುಲೈ 31ರಂದು ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸುಖರಾಂ ಅವರಿಗೆ ಮಾಡಿದ ಕರೆಯೇ ದೇಶದ ಮೊದಲ ಮೊಬೈಲ್ ಕರೆ. ಆ ಕಾಲದಲ್ಲಿ ಕರೆ ಬಂದರೂ ದುಡ್ಡು, ಹೋದರೂ ದುಡ್ಡು. 2003ರ ಮಳೆಗಾಲದಲ್ಲಿ ರಿಲಯನ್ಸ್ 501 ರೂಪಾಯಿಗೆ ಕೈಗೆ ಫೋನು ಕೊಟ್ಟು, ಉಳಿದದ್ದನ್ನು ತಿಂಗಳ ಬಿಲ್ಲಿನ ಬಾಲಕ್ಕೆ ಕಟ್ಟಿತು. ಕಂಪನಿಯೂ ಫೋನೂ ಒಂದೇ ಗಂಟಿನಲ್ಲಿ ಬರುವ ಅಮೆರಿಕನ್ ಪದ್ಧತಿಯ ಒಪ್ಪಂದ ನಮ್ಮಲ್ಲಿ ಭರ್ಜರಿಯಾಗಿ ನಡೆದದ್ದು ಆಗಲೇ. ಎಷ್ಟೋ ಗಿರಾಕಿಗಳು ಫೋನು ಇಟ್ಟುಕೊಂಡು ಬಿಲ್ಲು ಕಟ್ಟುವುದನ್ನು ಮರೆತರು. ಗಂಟು ಬಿಚ್ಚಿತು. 2008ರಲ್ಲಿ ಐಫೋನ್ 3ಜಿ ಅಮೆರಿಕದಲ್ಲಿ ಎರಡು ವರ್ಷದ ಕರಾರಿನೊಂದಿಗೆ 199 ಡಾಲರಿಗೆ ಸಿಕ್ಕಿದರೆ, ಆಗಸ್ಟ್ 22ರಂದು ಇಲ್ಲಿಗೆ ಬಂದಾಗ ಬೆಲೆ 31,000 ರೂಪಾಯಿ. ಅಲ್ಲಿ ಬೆಲೆಯನ್ನು ಅಡಗಿಸಿದರು. ಇಲ್ಲಿ ಅಡಗಿಸಲು ಜಾಗವಿರಲಿಲ್ಲ. 2017ರಲ್ಲಿ ಗಂಟು ಕಟ್ಟುವ ಆಸೆ ಮತ್ತೆ ಚಿಗುರಿತು. ಜಿಯೋಫೋನಿಗೆ 1,500 ರೂಪಾಯಿ ಠೇವಣಿ, ಮೂರು ವರ್ಷದ ಮೇಲೆ ವಾಪಸ್. ಏರ್‌ಟೆಲ್ ಅದೇ ವರ್ಷ ಕಾರ್ಬನ್ ಫೋನಿಗೆ 2,899 ತೆಗೆದುಕೊಂಡು, ತಿಂಗಳಿಗೆ 169ರ ರೀಚಾರ್ಜ್ ತಪ್ಪದೆ ಮಾಡಿದವರಿಗೆ 36 ತಿಂಗಳಲ್ಲಿ 1,500 ಹಿಂದಿರುಗಿಸುವುದಾಗಿ ಹೇಳಿ, ಫೋನಿನ ಬೆಲೆ 1,399 ಎಂದು ಜಾಹೀರಾತು ಹಾಕಿತು. ಡಲ್ಲಾಸಿನಲ್ಲಿರುವ ಅಕ್ಕನ ಮಗನನ್ನು ಕೇಳಿದೆ. ‘ಮಾವ, ಇಲ್ಲಿ ಫೋನ್ ಫ್ರೀ.’ ‘ಎಷ್ಟು ತಿಂಗಳು ಫ್ರೀ?’ ‘ಮೂವತ್ತಾರು.’ ನಡುವೆ ಕಂಪನಿ ಬಿಟ್ಟರೆ ಉಳಿದ ತಿಂಗಳ ಫ್ರೀ ನಿಂತು ಬಾಕಿಯೆಲ್ಲ ತಲೆಮೇಲೆ ಬರುತ್ತದಂತೆ. ಬೆಳಕಿನ ವೇಗದಂತೆ ಈ ಮೂವತ್ತಾರೂ ಪ್ರಕೃತಿಯ ಸ್ಥಿರಾಂಕವೆಂದು ಸದ್ಯಕ್ಕೆ ಊಹಿಸೋಣ.

ಹೀಗೆ ಗಂಟು ನಿಲ್ಲದ ನಾಡಿನಲ್ಲಿ ಎರಡು ಬಿಡಿ ಹಗ್ಗಗಳು ಉಳಿದವು: ಸಿಮ್ಮಿಗೆ ರೀಚಾರ್ಜು, ಫೋನಿಗೆ ಇಎಂಐ. ಒಂದಕ್ಕೆ ಇನ್ನೊಂದರ ಪರಿಚಯವಿಲ್ಲ. ಎರಡೂ ಕಟ್ಟಿರುವುದು ಒಂದೇ ಕುತ್ತಿಗೆಗೆ.

ವೈಜಾಗ್ ಪಾಠದ ಪ್ರಕಾರ ಪೋಸ್ಟ್‌ಪೇಯ್ಡೇ ಶ್ರೇಷ್ಠ. ‘ಭಾವಾ, ನಿಮ್ಮ ಬಿಲ್ಲು ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು ಪ್ರಮಾಣ ಕೇಳಿದೆ. ‘ಗೊತ್ತಿಲ್ಲ ಮಾರಾಯ, ಕಾರ್ಡಿನಿಂದ ಅದೇ ಹೋಗುತ್ತದೆ’ ಎಂದರು. ಇದು ಶುದ್ಧ ಚಾರ್ವಾಕಮತ: ಮೊದಲು ತುಪ್ಪ, ಬೂದಿಯಾದ ಮೇಲೆ ಲೆಕ್ಕ. ನಮ್ಮ ಬೆಜವಾಡ ಪಾಠ ಪ್ರೀಪೇಯ್ಡನ್ನು ಎತ್ತಿಹಿಡಿಯುತ್ತದೆ. ಅದು ಕರ್ಮಸಿದ್ಧಾಂತಕ್ಕೆ ಸಮ್ಮತ: ಮೊದಲು ಪುಣ್ಯ ಕಟ್ಟು, ಆಮೇಲೆ ಸ್ವರ್ಗ, ಪುಣ್ಯ ತೀರಿದ ಮಧ್ಯರಾತ್ರಿ ನೇರ ಮರ್ತ್ಯಕ್ಕೆ. ಈ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಿಮ್ಮುಗಳು ಪ್ರೀಪೇಯ್ಡ್ ಎಂಬುದರಿಂದ ನಾವು ಆಸ್ತಿಕರೆಂದು ಸಿದ್ಧವಾಗುತ್ತದೆ.

ಆದರೆ ಪುಣ್ಯದ ಅವಧಿ 28 ದಿನ ಏಕೆ? ಯುಗಾದಿಯನ್ನು ಚಾಂದ್ರಮಾನದಲ್ಲಿ ಆಚರಿಸುವವರು ಕನ್ನಡಿಗರಲ್ಲಿ ಹೆಚ್ಚಿನವರೂ ಹೌದು, ಆಂಧ್ರದವರೂ ಹೌದು. ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಸೌರಮಾಸ ಮೂವತ್ತರ ಆಸುಪಾಸು. ಚಂದ್ರ ಹೊರಟ ನಕ್ಷತ್ರಕ್ಕೇ ಮರಳಲು ಇಪ್ಪತ್ತೇಳು ಚಿಲ್ಲರೆ ದಿನ. ಇಪ್ಪತ್ತೆಂಟು ಇದಾವುದಕ್ಕೂ ಸೇರದು. ಇದನ್ನು ಕಂಪನಿಮಾನ ಎಂಬ ನಾಲ್ಕನೆಯ ಕಾಲಗಣನೆ ಎಂದು ಒಪ್ಪದೆ ಗತಿಯಿಲ್ಲ. ಹದಿಮೂರು ಇಪ್ಪತ್ತೆಂಟಲೆ 364: ವರ್ಷಕ್ಕೆ ಹದಿಮೂರು ತಿಂಗಳು. ನಮ್ಮ ಪಂಚಾಂಗದವರು ಎರಡೂ ಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಹಾಕಿ, ಅದರಲ್ಲಿ ಶುಭಕಾರ್ಯ ಬೇಡವೆಂದು ಸಂಕೋಚಪಟ್ಟುಕೊಂಡರು. ಕಂಪನಿಮಾನದಲ್ಲಿ ಪ್ರತಿ ವರ್ಷ ಅಧಿಕಮಾಸ, ಅದೇ ಅತ್ಯಂತ ಶುಭ. 2022ರ ಜನವರಿಯಲ್ಲಿ ಟ್ರಾಯ್ 30 ದಿನದ ಒಂದು ಪ್ಲಾನಾದರೂ ಇರಲೇಬೇಕೆಂದು ಆಜ್ಞೆ ಮಾಡಿತು. ಆಜ್ಞೆಯಂತೆ ಒಂದು ಇದೆ. ಎಲ್ಲಿದೆ ಎಂದು ಹುಡುಕಲು ಡೇಟಾ ಬೇಕು.

ಕಂಪನಿಮಾನದ ಇನ್ನೊಂದು ಪದ ‘ಲೈಫ್‌ಟೈಮ್’. 2005ರ ಕೊನೆಯಲ್ಲಿ 999 ರೂಪಾಯಿ ಕಟ್ಟಿದವರಿಗೆ ಆಜೀವ ಒಳಕರೆ ಎಂದರು. ಯಾರ ಜೀವ ಎಂಬುದು ಸೂತ್ರದಲ್ಲಿ ಇರಲಿಲ್ಲ. ಕಂಪನಿಯ ಪರವಾನಗಿಯ ಜೀವ ಎಂದು ಭಾಷ್ಯದಲ್ಲಿ ಬಂತು. 2018ರ ಕೊನೆಗೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ಬಂದು ಎಷ್ಟೋ ಜೀವಗಳು ಜೀವಂತ ಇರುವಾಗಲೇ ಆಜೀವ ತೀರಿಹೋಯಿತು.

ಅಪ್‌ಗ್ರೇಡ್ ಅಥವಾ ಎಕ್ಸ್‌ಚೇಂಜ್ ವಿಚಾರಕ್ಕೆ ಬಂದರೆ ಈ ನೆಲದಲ್ಲಿ ಅದರ ಪ್ರವರ್ತಕ ಕನ್ನಡ ರಾಜ್ಯ ರಮಾರಮಣ ಶ್ರೀಕೃಷ್ಣದೇವರಾಯನೇ. ಬೆಜವಾಡದ ಮಗ್ಗುಲಿನ ಕೊಂಡಪಲ್ಲಿ ಕೋಟೆ ಹಿಡಿದು, ಉತ್ತರಕ್ಕೆ ನಡೆದು, 1516ರಲ್ಲಿ ವೈಜಾಗಿನ ಪಕ್ಕದ ಸಿಂಹಾಚಲದಲ್ಲಿ ಶಾಸನ ಹಾಕಿಸಿದ. ಆಮೇಲೆ ಒಡಿಶಾದ ಗಜಪತಿ ದೊರೆಯೊಂದಿಗೆ ಸಂಧಿಯಾದಾಗ, ಕೃಷ್ಣೆಯ ಉತ್ತರಕ್ಕೆ ಗೆದ್ದ ನೆಲವನ್ನೆಲ್ಲ ಹಿಂದಿರುಗಿಸಿ ಗಜಪತಿಯ ಮಗಳನ್ನು ಮದುವೆಯಾದ. ಮಾಲು ಸುಸ್ಥಿತಿಯಲ್ಲಿ ವಾಪಸ್, ಮೇಲೆ ರಾಜಕುಮಾರಿ. ನನ್ನ ನಾಲ್ಕು ವರ್ಷದ ಫೋನನ್ನು ಪೆಟ್ಟಿಗೆ, ಚಾರ್ಜರ್, ಬಿಲ್ಲು ಸಮೇತ ಒಯ್ದಾಗ ಹುಡುಗ ಅದನ್ನು ಬೆಳಕಿಗೆ ಹಿಡಿದು ‘ಗೀತ ಉಂದಂಡಿ’ ಎಂದ. ಭಗವದ್ಗೀತೆಯಲ್ಲ, ಗಾಜಿನ ಮೇಲಿನ ಗೀರು. ಸಾವಿರದ ಇನ್ನೂರು ಎಂದ. ಬೆಜವಾಡ, ವೈಜಾಗ್ ಎರಡೂ ಕೃಷ್ಣೆಯ ಉತ್ತರದಲ್ಲಿವೆ. ಎರಡೂ ಕನ್ನಡಿಗರು ಒಮ್ಮೆ ಎಕ್ಸ್‌ಚೇಂಜಿಗೆ ಕೊಟ್ಟ ಮಾಲು. ಅಲ್ಲಿ ಕನ್ನಡಿಗನ ಹಳೆ ಫೋನಿಗೆ ಬೆಲೆ ಹುಟ್ಟದಿರಲು ಈ ಐತಿಹಾಸಿಕ ಮುನಿಸೇ ಕಾರಣವಿರಬಹುದು.

ಈಗ ಪ್ರಬಂಧದ ಗರ್ಭಗುಡಿ: ಸೊನ್ನೆ.

‘ಇಂಟ್ರೆಸ್ಟ್ ಜೀರೋ ಅಂಡಿ, ಡೌನ್ ಪೇಮೆಂಟ್ ಜೀರೋ ಅಂಡಿ’ ಎಂದ ಹುಡುಗ. ಎರಡು ಸೊನ್ನೆ ಒಟ್ಟಿಗೆ ಕಂಡ ಕನ್ನಡಿಗನಿಗೆ ಮಹಾವೀರಾಚಾರ್ಯ ನೆನಪಾಗದಿದ್ದರೆ ಹೇಗೆ? ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ ಬರೆದವನು. ಅದರ ಮಿಶ್ರಕವ್ಯವಹಾರ ಅಧ್ಯಾಯದಲ್ಲಿ ಬಡ್ಡಿಯ ಲೆಕ್ಕವಿದೆ, ಸಾಲವನ್ನು ಕಂತಿನಲ್ಲಿ ತೀರಿಸುವ ಲೆಕ್ಕವೂ ಇದೆ. ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಅಂದರೆ ಆಂಧ್ರಕ್ಕೆ ಕಂತಿನ ಗಣಿತ ಹೋದದ್ದು ನಮ್ಮ ಕಡೆಯಿಂದ. ಈಗ ಬಡ್ಡಿ ಸಮೇತ ಹಿಂದಕ್ಕೆ ಬರುತ್ತಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಎಂದು ಮಹಾವೀರ ಹೇಳಿದ. ಇದು ಅವನ ತಪ್ಪೆಂದು ಗಣಿತದ ಪ್ರೊಫೆಸರರು ಇಂದಿಗೂ ಕೈಹಿಸುಕಿಕೊಳ್ಳುತ್ತಾರೆ. ಅವರು ಬೆಸೆಂಟ್ ರೋಡಿಗೆ ಬಂದಿಲ್ಲ. 24,000ದ ಫೋನನ್ನು ಸೊನ್ನೆ ಡೌನ್ ಪೇಮೆಂಟಿನಿಂದ ಭಾಗಿಸಿ ನೋಡಿ: 24,000 ಹಾಗೇ ನಿಂತಿರುತ್ತದೆ. ಭಾಸ್ಕರಾಚಾರ್ಯ 1150ರಲ್ಲಿ ತಿದ್ದಿ, ಸೊನ್ನೆಯಿಂದ ಭಾಗಿಸಿದ್ದು ‘ಖಹರ’, ಅದಕ್ಕೆ ಕೊನೆಯಿಲ್ಲ ಎಂದ. ಅದೂ ಸರಿಯೇ. ಹನ್ನೆರಡನೆಯ ಕಂತು ಕಟ್ಟುವ ಹಿಂದಿನ ವಾರ ‘ನಿಮಗೆ ಹೊಸ ಫೋನಿಗೆ ಅರ್ಹತೆ ಬಂದಿದೆ’ ಎಂಬ ಮೆಸೇಜ್ ಬರುತ್ತದಲ್ಲ, ಅದು ಖಹರ.

ಆದರೂ ಬ್ಯಾಂಕಿನವನ ಚಟ, ಕೂಡಿ ನೋಡಿದೆ. ತಿಂಗಳಿಗೆ 2,000ದಂತೆ ಹನ್ನೆರಡು ಕಂತು, 24,000. ಕಾರ್ಡಿನ ಬ್ಯಾಂಕು ಪುಕ್ಕಟೆ ಕೊಡುವುದಿಲ್ಲ, ಶೇಕಡ 15ರ ಬಡ್ಡಿ ಎಣಿಸುತ್ತದೆ. ಆ ಲೆಕ್ಕದಲ್ಲಿ ಅದು ಸಾಲವೆಂದು ಹಿಡಿಯುವುದು 22,159. ಉಳಿದ 1,841 ಬಡ್ಡಿ. ಆ 1,841ನ್ನು ಮಾರುವವರು ಮೊದಲೇ ರಿಯಾಯಿತಿಯೆಂದು ಕಳೆದಿರುತ್ತಾರೆ, ಆದ್ದರಿಂದ ಗಿರಾಕಿಗೆ ಸೊನ್ನೆ. ಇಲ್ಲಿಯವರೆಗೆ ಮಾಯೆ ಚೆಂದವಾಗಿದೆ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇಕಡ 18 ಜಿಎಸ್‌ಟಿ ಉಂಟು. ಇಲ್ಲದ ಬಡ್ಡಿಗೆ ಇರುವ ತೆರಿಗೆ: 331 ರೂಪಾಯಿ. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಒಟ್ಟು 566. ಬ್ರಹ್ಮಗುಪ್ತ 628ರಲ್ಲಿ ಸೊನ್ನೆಗೆ ನಿಯಮಗಳನ್ನು ಬರೆದ ದಿನದಿಂದ ಬಾಕಿ ಉಳಿದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು: ಸೊನ್ನೆಯ ಬೆಲೆ 566 ರೂಪಾಯಿ. ನಗದು ಎಣಿಸಿ ಕೊಡುವವನು ಗಟ್ಟಿಯಾಗಿ ಚೌಕಾಸಿ ಮಾಡಿದ್ದರೆ ಆ 1,841ರ ರಿಯಾಯಿತಿ ಅವನಿಗೇ ಸಿಗುತ್ತಿತ್ತೇನೋ ಎಂಬ ಪೀಡೆಯ ಯೋಚನೆಯನ್ನು ಇದರಲ್ಲಿ ಸೇರಿಸಿಲ್ಲ.

ಶಾಸ್ತ್ರಾಧಾರ ಬೇಕೆನ್ನುವವರಿಗೆ, 2013ರ ಸೆಪ್ಟೆಂಬರ್ 17ರಂದೇ ರಿಸರ್ವ್ ಬ್ಯಾಂಕು ಸೊನ್ನೆ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ, ಅದನ್ನು ಸಂಸ್ಕರಣಾ ಶುಲ್ಕದಲ್ಲಿ ಅಡಗಿಸಿರುತ್ತಾರೆ ಎಂಬರ್ಥದ ಸುತ್ತೋಲೆ ಹೊರಡಿಸಿದೆ. ಶೂನ್ಯವಿಲ್ಲ ಎಂದು ಸಾಧಿಸಿದ ಜಗತ್ತಿನ ಏಕೈಕ ಕೇಂದ್ರ ಬ್ಯಾಂಕ್ ನಮ್ಮದಿರಬೇಕು. ಬೆಜವಾಡದಿಂದ ಕೃಷ್ಣೆಯ ಮೇಲ್ದಂಡೆಗೆ ಹೋದರೆ ನಾಗಾರ್ಜುನಕೊಂಡ. ಸಂಪ್ರದಾಯ ಅದನ್ನು ಶೂನ್ಯವಾದಿ ನಾಗಾರ್ಜುನನಿಗೆ ಸೇರಿಸುತ್ತದೆ. ಶೂನ್ಯವೆಂದರೆ ಇಲ್ಲವೆಂದಲ್ಲ, ತನ್ನಷ್ಟಕ್ಕೆ ನಿಲ್ಲದೆ ಇನ್ನೊಂದನ್ನು ಆತುಕೊಂಡಿರುವುದು ಎಂದ ಅವನು. ಬಡ್ಡಿ ರಿಯಾಯಿತಿಯನ್ನು ಆತುಕೊಂಡಿದೆ, ರಿಯಾಯಿತಿ ಬೆಲೆಯನ್ನು, ಬೆಲೆ ಎಂಆರ್‌ಪಿಯನ್ನು, ಎಂಆರ್‌ಪಿ ಯಾರ ಮನಸ್ಸನ್ನೋ. ನಮ್ಮ ಶರಣರು ‘ಶೂನ್ಯಸಂಪಾದನೆ’ ಎಂದಾಗ ಶೂನ್ಯವನ್ನು ಗಳಿಸುವ ಮಾತಾಡಿದರು. ಶೂನ್ಯದಿಂದ ಗಳಿಸುವುದು ಹೇಗೆಂದು ತೋರಿಸಿಕೊಟ್ಟದ್ದು ಮೊಬೈಲ್ ಅಂಗಡಿ.

ಜಗದಾಂಬ ಜಂಕ್ಷನ್ನಿನ ಅಂಗಡಿಯೊಂದರಲ್ಲಿ ಭಾವನೂ ಇದೇ ಪ್ರಯೋಗ ನಡೆಸಿದರು. ಅವರಿಗೆ ಫಲಿತಾಂಶ ಬೇರೆ ಬಂತು, ಟೆಂಪರ್ಡ್ ಗ್ಲಾಸ್, ಪೌಚ್, ಒಂದು ವರ್ಷದ ವಿಮೆ ‘ಕಾಂಪ್ಲಿಮೆಂಟರಿ’ಯಾಗಿ ಬಿಲ್ಲಿನಲ್ಲಿ ಸೇರಿ, ಸೊನ್ನೆ ಎರಡು ಸಾವಿರ ದಾಟಿತು. ವೈಜಾಗಿನ ಸಮುದ್ರದ ಗಾಳಿಗೆ ಸೊನ್ನೆ ಉಬ್ಬುತ್ತದೆ ಎಂಬುದು ನನ್ನ ತಾತ್ಕಾಲಿಕ ವಿವರಣೆ.

ಎರಡೂ ಪಾಠಗಳು ಸಮವಾದ ಸಂದರ್ಭ ಒಂದೇ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವೈಜಾಗಿಗೆ ಅಪ್ಪಳಿಸಿ ಕರೆಂಟೂ ಟವರುಗಳೂ ಮಲಗಿದಾಗ ಅಕ್ಕನ ದನಿ ನಮಗೆ ಕೇಳಿಸಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಯವರೆಗೆ ಅಮ್ಮ ಫೋನನ್ನು ದೇವರ ಮುಂದೆ ಇಟ್ಟಿದ್ದರು. ಆ ದಿನಗಳಲ್ಲಿ ಊರಿನಲ್ಲಿ ಯಾರ ಪ್ಲಾನ್ ಯಾವುದೆಂದು ಯಾರೂ ಕೇಳಲಿಲ್ಲ. ಆ ತಿಂಗಳ ಬಿಲ್ಲು ಬಂದಿತ್ತೇ ಎಂದು ಭಾವನನ್ನು ಕೇಳಿದರೆ ಈಗಲೂ ಅದೇ ಉತ್ತರ: ‘ಗೊತ್ತಿಲ್ಲ ಮಾರಾಯ.’

ಹನ್ನೆರಡರಲ್ಲಿ ಏಳು ಕಂತು ಕಟ್ಟಿದ್ದೇನೆ. ಎಂಟನೆಯದು ಐದನೇ ತಾರೀಕಿಗೆ. ಕಂಪನಿಮಾನದ ತಿಂಗಳು ಮೂರಕ್ಕೇ ಮುಗಿಯುತ್ತದೆ, ಸಂಬಳ ಬರುವುದು ಆರಕ್ಕೆ. ನಡುವಿನ ಮೂರು ದಿನ ನನ್ನಿಂದ ಹೊರಕರೆ ಇರುವುದಿಲ್ಲ. ಪ್ರಬಂಧದ ಬಗ್ಗೆ ಆಕ್ಷೇಪವಿದ್ದವರು ನೀವೇ ಫೋನ್ ಮಾಡಿ.