ಕಿವಿಯಿದ್ದವನ ವಿಮಾನಯಾನ

ವಿಮಾನದ ಭಯ ಬಡವರಿಗೆ ಬರುವ ಕಾಯಿಲೆಯಲ್ಲ. ಟಿಕೆಟ್ಟಿಗೆ ಕಾಸಿಲ್ಲದವನು ಹೆದರಿ ಮಾಡುವುದೇನಿದೆ? ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಲೇತ್ ಮುಂದೆ ನಿಂತೇ ಆಯಸ್ಸು ಕಳೆದ ನನ್ನಂಥವರಿಗೆ ಬಹಳ ಕಾಲ ಈ ಅನುಕೂಲವಿತ್ತು. 'ವಿಮಾನದಲ್ಲಿ ಹೋಗಬಾರದೇನ್ರೀ' ಎಂದು ಯಾರಾದರೂ ಕೇಳಿದರೆ, 'ನಮಗೆಲ್ಲಿ ಬಂತು ಸ್ವಾಮಿ' ಎಂದು ಕೈ ಮುಗಿದರೆ ಆಯಿತು. ಸರಳ ಜೀವಿ ಎಂಬ ಹೆಸರು ಬೇರೆ ಪುಕ್ಕಟೆಯಾಗಿ ಸಿಗುತ್ತಿತ್ತು. ಅದಕ್ಕೆ ಕಲ್ಲು ಹಾಕಿದವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಆಮೇಲೆ ಒಂದು ರೂಪಾಯಿಗೂ ಟಿಕೆಟ್ ಮಾರಿ, ನನಗಿದ್ದ ಒಂದೇ ಒಂದು ಮರ್ಯಾದಸ್ಥ ನೆಪವನ್ನು ಕಿತ್ತುಕೊಂಡರು. ಅದೇ ಊರಿನ ರಾಮಸ್ವಾಮಿ ಅಯ್ಯಂಗಾರರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು, 'ಅಮೆರಿಕಾದಲ್ಲಿ ಗೊರೂರು' ಬರೆದು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದರು. ಹೇಮಾವತಿ ನೀರಿನಲ್ಲೇ ಏನೋ ಇರಬೇಕು.

ನನ್ನದು ಎತ್ತರದ ಭಯವಲ್ಲ. ರೋಗವಿರುವುದು ಕಿವಿಯಲ್ಲಿ. ಮಷಿನ್ ಶಾಪಿನಲ್ಲಿ ದುಡಿದವನಿಗೆ ಕಣ್ಣಿಗಿಂತ ಮೊದಲು ಕಿವಿಗೆ ಸುದ್ದಿ ಮುಟ್ಟುತ್ತದೆ. ಟೂಲ್ ಮೊಂಡಾದರೆ ಒಂದು ಸದ್ದು, ಬೇರಿಂಗ್ ಹೋದರೆ ಇನ್ನೊಂದು, ಹೊಸ ಹುಡುಗ ಚಕ್ ಸರಿಯಾಗಿ ಬಿಗಿ ಮಾಡಿಲ್ಲವೆಂದರೆ ಮತ್ತೊಂದು. ಶೆಡ್ಡಿನ ಆ ತುದಿಯಲ್ಲಿ ಟೀ ಕುಡಿಯುತ್ತಲೇ ಈ ತುದಿಯ ಹುಡುಗನಿಗೆ 'ಲೇ, ಫೀಡ್ ಕಮ್ಮಿ ಮಾಡೋ' ಎಂದು ಕೂಗುವುದು ನಮ್ಮ ಕಸುಬಿನ ಗತ್ತು. ಸದ್ದು ಬದಲಾಯಿತೆಂದರೆ ಏನೋ ಕೆಟ್ಟಿದೆ, ಹೋಗಿ ಸ್ವಿಚ್ ಆಫ್ ಮಾಡು. ನಮ್ಮ ಶಾಸ್ತ್ರ ಇಷ್ಟೇ. ಇಂಥ ಕಿವಿ ಹೊತ್ತವನನ್ನು ಒಮ್ಮೆ ಮಾಲೀಕರು ಮುಂಬೈನ ಮಷಿನ್ ಪ್ರದರ್ಶನಕ್ಕೆಂದು ವಿಮಾನ ಹತ್ತಿಸಿದರು. ಮೇಲೆದ್ದ ಸ್ವಲ್ಪ ಹೊತ್ತಿಗೆ, ಅದುವರೆಗೆ ಅಬ್ಬರಿಸುತ್ತಿದ್ದ ಎಂಜಿನ್ ಸದ್ದು ಗಪ್ಪನೆ ಇಳಿಯಿತು. ಹೊಟ್ಟೆಯೊಳಗಿದ್ದದ್ದು ಗಂಟಲಿಗೆ ಬಂತು. ನಾನು ಮಾಲೀಕರ ಕೈ ಹಿಡಿದುಕೊಂಡೆ. ಸಂಬಳ ಜಾಸ್ತಿ ಕೇಳಲೂ ಹಿಂಜರಿಯುತ್ತಿದ್ದ ಮನುಷ್ಯನ ಕೈಯನ್ನು! ಅವರು ಏನೂ ಅನ್ನಲಿಲ್ಲ, ನನ್ನ ಉಗುರು ಕೂತ ಜಾಗವನ್ನು ಮಾತ್ರ ಮುಂಬೈ ಬರುವವರೆಗೆ ಉಜ್ಜಿಕೊಳ್ಳುತ್ತಿದ್ದರು. ವಾಪಸು ಬರುವಾಗ ಹೊಟ್ಟೆನೋವು ಎಂದು ಹೇಳಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ರೈಲಿನ ಸದ್ದು ಊರಿಂದೂರಿಗೂ ಒಂದೇ. ಅದರಷ್ಟು ಪ್ರಾಮಾಣಿಕ ಯಂತ್ರವನ್ನು ನಾನು ನೋಡಿಲ್ಲ.

ಆಮೇಲೆ ಮಗಳು ಮದುವೆಯಾಗಿ ದೆಹಲಿ ಸೇರಿದಳು. ಕರ್ನಾಟಕ ಎಕ್ಸ್‌ಪ್ರೆಸ್ ಇರುವಾಗ ದೆಹಲಿ ಏನು ಮಹಾ ದೂರ, ಎರಡು ರಾತ್ರಿ ಕಣ್ಣು ಮುಚ್ಚಿದರೆ ಬಂತು ಎಂದುಕೊಂಡು ಹೋಗಿಬರುತ್ತಿದ್ದೆವು. ಮೊಮ್ಮಗುವಿನ ನಾಮಕರಣಕ್ಕೆ ಹೊರಡುವ ಹೊತ್ತಿಗೆ ಹೆಂಡತಿಯ ಮಂಡಿ ಕೈಕೊಟ್ಟಿತ್ತು. 'ರೀ, ನಿಮ್ಮ ಭಯ ನೀವೇ ಇಟ್ಕೊಳ್ಳಿ. ನಾನು ವಿಮಾನದಲ್ಲಿ ಹೋಗ್ತೀನಿ. ನೀವು ರೈಲಲ್ಲಿ ಬನ್ನಿ, ಹೆಸರಿಟ್ಟ ಮೇಲೆ ಏನು ಹೆಸರು ಅಂತ ಹೇಳ್ತೀನಿ' ಎಂದಳು.

ವಿಷಯ ಪಾರ್ಕಿನ ಬೆಂಚಿಗೆ ಬಂತು. ವಿಜಯನಗರದ ಯಾವ ಪಾರ್ಕಿನಲ್ಲಾದರೂ ಬೆಳಗ್ಗೆ ಆರಕ್ಕೆ ಹೋಗಿ ನಿಮ್ಮ ಕಾಯಿಲೆ ಹೇಳಿ ನೋಡಿ, ಏಳಕ್ಕೆ ಔಷಧಿ ಚೀಟಿ ಕೈಯಲ್ಲಿರುತ್ತದೆ. ಒಬ್ಬರು ಪ್ರಾಣಾಯಾಮ ಎಂದರು. ಒಬ್ಬರು ದನಿ ತಗ್ಗಿಸಿ 'ಎರಡು ಪೆಗ್' ಎಂದರು. ದೇಶದೊಳಗಿನ ವಿಮಾನದಲ್ಲಿ ಅದನ್ನು ಕೊಡುವುದಿಲ್ಲ, ಮನೆಯಿಂದ ಕುಡಿದು ಹೊರಡೋಣವೆಂದರೆ ಪಕ್ಕದಲ್ಲಿ ಹೆಂಡತಿ ಇರುತ್ತಾಳೆ. ರಿಟೈರ್ಡ್ ಸಂಸ್ಕೃತ ಮೇಷ್ಟ್ರೊಬ್ಬರು ವೈಮಾನಿಕ ಶಾಸ್ತ್ರವನ್ನು ಎತ್ತಿದರು. ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಗ್ರಂಥ. ಶಕುನ, ಸುಂದರ, ರುಕ್ಮ, ತ್ರಿಪುರ ಎಂದು ಬಗೆಬಗೆಯ ವಿಮಾನಗಳ ವರ್ಣನೆ ಅದರಲ್ಲಿದೆ. 'ನಮ್ಮವರು ಹಾರಿದ ಆಕಾಶಕ್ಕೆ ನೀವು ಹೆದರುವುದೇ?' ಎಂದು ಮೇಷ್ಟ್ರು ಗದರಿಸಿದರು. ನಾನು ಓದಿ ನೋಡಿದೆ. 1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಎಂಜಿನಿಯರುಗಳು ಆ ವಿವರ, ನಕ್ಷೆಗಳನ್ನೆಲ್ಲ ಪರೀಕ್ಷಿಸಿ, ಇವು ಹಾರುವ ಯಂತ್ರಗಳಲ್ಲ, ಗ್ರಂಥವೂ ಅಷ್ಟು ಹಳೆಯದಲ್ಲ ಎಂದು ತೀರ್ಮಾನಿಸಿದ್ದರು. ನನಗೆ ಬಹಳ ಸಂತೋಷವಾಯಿತು. ಯಾವ ಅಳುಕೂ ಇಲ್ಲದೆ ನಾನು ಹತ್ತಿ ಕೂರಬಹುದಾದ ವಿಮಾನ ಅದೊಂದೇ.

ಹೆಂಡತಿಯದು ನೇರ ದಾರಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಕರೆದುಕೊಂಡು ಹೋದಳು. ಸಮುದ್ರ ಹಾರಿದವನು, ಅದೂ ಸೀಟು ಬೆಲ್ಟು ಇಲ್ಲದೆ. ಈ ಖಾತೆ ಅವನದೇ. ಹೊರಗೆ ಹೊಸ ಸ್ಕೂಟರೊಂದಕ್ಕೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದರು. 'ವಿಮಾನದ ಚಕ್ರಕ್ಕೆ ಯಾರು ಇಡ್ತಾರೆ?' ಎಂದೆ. 'ಯಾಕೆ, ರಾಜನಾಥ ಸಿಂಗ್ ಇಡಲಿಲ್ವಾ ಫ್ರಾನ್ಸಲ್ಲಿ?' ಎಂದಳು. ನಿಜ, 2019ರ ಅಕ್ಟೋಬರಿನಲ್ಲಿ ರಫೇಲ್ ಚಕ್ರದಡಿ ನಿಂಬೆಹಣ್ಣು ಇಟ್ಟದ್ದನ್ನು ಟೀವಿಯಲ್ಲಿ ಇಬ್ಬರೂ ನೋಡಿದ್ದೆವು. ಯುದ್ಧವಿಮಾನಕ್ಕೇ ಬೇಕಾಯಿತೆಂದ ಮೇಲೆ ನನಗೆ ಧೈರ್ಯ ಬರಬೇಕೋ ಹೋಗಬೇಕೋ ತಿಳಿಯಲಿಲ್ಲ.

ಭಯಕ್ಕೆ ಕಾರಣವೇ ಇಲ್ಲ ಎನ್ನುವವರನ್ನು ಕಂಡರೆ ನನಗಾಗದು. 1990ರ ಫೆಬ್ರುವರಿ 14ರಂದು ಇದೇ ಊರಿನ ಎಚ್‌ಎಎಲ್ ನಿಲ್ದಾಣದ ಬಳಿ ವಿಮಾನ ಬಿದ್ದು 92 ಜನ ಸತ್ತರು. 2010ರ ಮೇ 22ರ ಬೆಳಗ್ಗೆ ಮಂಗಳೂರಿನಲ್ಲಿ 158 ಜನ. ಅಂಕಿ ಅಂಶ ತೋರಿಸಿ 'ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ಸಾಯ್ತಾರೆ' ಎಂದು ಸಮಾಧಾನ ಹೇಳುವವರಿದ್ದಾರೆ. ಅದರಿಂದ ನನಗೆ ರಸ್ತೆಯ ಭಯವೂ ಶುರುವಾಯಿತೇ ಹೊರತು ವಿಮಾನದ್ದು ಹೋಗಲಿಲ್ಲ.

ನನಗೆ ಹಿಡಿಸಿದ ಮದ್ದು ಸಿಕ್ಕಿದ್ದು ಪೀಣ್ಯದಲ್ಲಿ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗನೊಬ್ಬ ಈಗ ಅಲ್ಲಿ ಸ್ವಂತ ಶಾಪ್ ಇಟ್ಟು ವಿಮಾನದ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತಾನೆ. ವಿಷಯ ತಿಳಿದಾಗ ಮೊದಲು ಎದೆ ಧಸಕ್ಕೆಂದಿತು. ವರ್ನಿಯರ್ ಹಿಡಿಯಲು ಬಾರದೆ ನನ್ನ ಕೈಯಲ್ಲಿ ಏಟು ತಿಂದವನು ವಿಮಾನದ ಭಾಗ ಮಾಡುವುದೇ! ನೋಡಿಯೇ ಬಿಡೋಣವೆಂದು ಹೋದೆ. ಏಸಿ ಹಾಕಿದ ಇನ್‌ಸ್ಪೆಕ್ಷನ್ ರೂಮು. ನನ್ನ ಚಪ್ಪಲಿ ಹೊರಗೆ. ಮೇಜಿನ ಮೇಲೆ ಬೆರಳುದ್ದದ ಒಂದು ಅಲ್ಯುಮಿನಿಯಂ ಬ್ರ್ಯಾಕೆಟ್, ಅದರ ಜೊತೆ ಅದಕ್ಕಿಂತ ದಪ್ಪನಾದ ಕಾಗದದ ಕಟ್ಟು. ಲೋಹ ಎಲ್ಲಿಂದ ಬಂತು, ಯಾವ ಮಷಿನ್ನಿನಲ್ಲಿ ಕೊರೆದದ್ದು, ಯಾರು ಅಳೆದದ್ದು, ಎಲ್ಲಕ್ಕೂ ಸಹಿ. ಪಕ್ಕದಲ್ಲಿ ಬೀಗ ಹಾಕಿದ ಕೆಂಪು ಡಬ್ಬ, ಅದರ ತುಂಬ ನನ್ನ ಕಣ್ಣಿಗೆ ಬಂಗಾರದಂತಿದ್ದ ಪೀಸುಗಳು.

'ಇದಕ್ಕೇನಾಗಿದೆಯೋ?' ಎಂದೆ.

'ಹತ್ತು ಮೈಕ್ರಾನ್ ಜಾಸ್ತಿ ಹೋಗಿದೆ ಸಾರ್. ರಿಜೆಕ್ಟ್.'

ಹತ್ತು ಮೈಕ್ರಾನ್ ಎಂದರೆ ತಲೆಗೂದಲಿನ ದಪ್ಪದ ಏಳನೆಯ ಒಂದು ಭಾಗವೂ ಇಲ್ಲವೇನೋ. ನಮ್ಮ ಕಾಲದಲ್ಲಾಗಿದ್ದರೆ ಎಮರಿ ಕಾಗದದಲ್ಲಿ ಉಜ್ಜಿ, ಎಣ್ಣೆ ಸವರಿ, 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಕಳಿಸಿಬಿಡುತ್ತಿದ್ದೆವು. ಇಲ್ಲಿ ರಿಜೆಕ್ಟಾದದ್ದನ್ನು ಗುಜರಿಗೆ ಹಾಕುವ ಮೊದಲು ಯಾರೂ ಕದ್ದು ಬಳಸದಂತೆ ಕೊಯ್ದು ವಿಕಾರ ಮಾಡಬೇಕಂತೆ. ವಿಮಾನ ರಿಪೇರಿ ಮಾಡುವ ಕಡೆ ಒಂದು ಸ್ಪ್ಯಾನರ್ ಲೆಕ್ಕಕ್ಕೆ ಸಿಗದಿದ್ದರೆ, ಸಿಗುವವರೆಗೆ ವಿಮಾನವನ್ನು ಬಿಡುವುದಿಲ್ಲವಂತೆ. ನನ್ನ ಶಿಷ್ಯ ಇದನ್ನೆಲ್ಲ ಹೇಳುವಾಗ ಅವನ ಮುಖ ನೋಡಿದೆ. ಹುಡುಗ ಹೆದರಿದ್ದ. ಆಡಿಟ್‌ಗೆ, ಕಸ್ಟಮರಿಗೆ, ಹತ್ತು ವರ್ಷ ಬಿಟ್ಟು ಯಾರಾದರೂ ಬಂದು ಕಾಗದ ಕೇಳಿದರೆ ಎಂಬುದಕ್ಕೆ. ಆಗ ನನಗೆ ಹಾಯೆನಿಸಿತು. ಈ ಕಸುಬಿನಲ್ಲಿರುವವರೆಲ್ಲ ನನಗಿಂತ ದೊಡ್ಡ ಪುಕ್ಕಲರು! ಧೈರ್ಯವಂತರ ಕೈಯಲ್ಲಿ ನನ್ನ ಪ್ರಾಣ ಕೊಡಲು ನಾನು ಎಂದೂ ಒಪ್ಪುತ್ತಿರಲಿಲ್ಲ.

ಅಲ್ಲಿಂದ ಈ ಪುಕ್ಕಲುತನದ ಪುರಾಣ ಓದುವುದೇ ಗೀಳಾಯಿತು. ಬೋಯಿಂಗ್‌ನವರು 1995ರಲ್ಲಿ ತಮ್ಮ ಹೊಸ 777 ವಿಮಾನದ ರೆಕ್ಕೆಗಳನ್ನು ಬೇಕೆಂದೇ ಮೇಲಕ್ಕೆ ಬಗ್ಗಿಸುತ್ತಾ ಹೋದರು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚು ಭಾರದ ಒಂದೂವರೆ ಪಟ್ಟನ್ನು ಅದು ತಾಳಬೇಕೆಂಬುದು ನಿಯಮ. ಶೇಕಡಾ 154ಕ್ಕೆ ಮುರಿಯಿತು. ಇನ್ನು 1983ರಲ್ಲಿ ಕೆನಡಾದ ವಿಮಾನವೊಂದಕ್ಕೆ ಪೌಂಡು-ಕಿಲೋ ಗೊಂದಲದಲ್ಲಿ ಅರ್ಧದಷ್ಟೇ ಇಂಧನ ತುಂಬಿದ್ದರು. ಇಂಚು-ಮಿಲಿಮೀಟರ್ ಗೊಂದಲದಲ್ಲಿ ಲೋಡುಗಟ್ಟಲೆ ಮಾಲು ಹಾಳು ಮಾಡಿದ ಕಸುಬಿನವನಿಗೆ ಇದು ಅರ್ಥವಾಗದ ಸಂಗತಿಯಲ್ಲ. ನಲವತ್ತೊಂದು ಸಾವಿರ ಅಡಿ ಮೇಲೆ ಹಾರುತ್ತಿದ್ದಾಗ ಇಂಧನ ತೀರತೊಡಗಿ, ಒಂದಾದ ಮೇಲೊಂದು ಎರಡೂ ಎಂಜಿನ್ ನಿಂತವು. ವಿಮಾನ ಕಲ್ಲಿನ ಹಾಗೆ ಬೀಳಲಿಲ್ಲ, ತೇಲಿಕೊಂಡು ಬಂದು ಗಿಮ್ಲಿ ಎಂಬಲ್ಲಿ ಇಳಿಯಿತು, ಎಲ್ಲರೂ ಬದುಕಿದರು. ಸದ್ದು ಪೂರ್ತಿ ನಿಂತರೂ ಕತೆ ಮುಗಿಯುವುದಿಲ್ಲ ಎಂಬುದು ನನ್ನ ಕಿವಿಗೆ ಗೊತ್ತಿಲ್ಲದ ಸುದ್ದಿ.

ಹೊರಡುವ ದಿನ ನಡುರಾತ್ರಿ ಎದ್ದು, ಯಶವಂತಪುರ, ಹೆಬ್ಬಾಳ ದಾಟಿ ದೇವನಹಳ್ಳಿ ಸೇರಿದೆವು. ಕೌಂಟರಿನ ಹುಡುಗಿ ಕೇಳಿದ ಮೊದಲ ಪ್ರಶ್ನೆಗಳಲ್ಲೇ 'ಬ್ಯಾಗಲ್ಲಿ ಕೊಬ್ಬರಿ ಇದೆಯಾ?' ಎಂಬುದಿತ್ತು. ಇತ್ತು. ಮಗಳಿಗೆಂದು ತಿಪಟೂರಿನಿಂದ ತರಿಸಿದ ಕೊಬ್ಬರಿ. ಎಣ್ಣೆಯ ಪದಾರ್ಥ, ಶಾಖಕ್ಕೆ ತಾನಾಗಿ ಹೊತ್ತಿಕೊಳ್ಳಬಹುದೆಂದು ವಿಮಾನಕ್ಕೆ ಬಿಡುವುದಿಲ್ಲ. ಹೆಂಡತಿ ಅಲ್ಲೇ ಬ್ಯಾಗು ಬಿಚ್ಚಿ, ಸೀರೆಗಳ ನಡುವಿನಿಂದ ಗಿಟುಕುಗಳನ್ನು ಒಂದೊಂದೇ ತೆಗೆಯುತ್ತಾ ಶಾಪ ಹಾಕುತ್ತಿದ್ದರೆ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಕೊಬ್ಬರಿಗೂ ಹೆದರುವ ಜನ!

ರೆಕ್ಕೆಯ ಮೇಲಿನ ಸೀಟು ಕೇಳಿ ಪಡೆದಿದ್ದೆ, ಅಲ್ಲಿ ಕುಲುಕಾಟ ಕಡಿಮೆ. ಸದ್ದುಗಳ ಪಟ್ಟಿಯನ್ನೂ ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಹೊರಡುವ ಮುಂಚೆ ಕಾಲಡಿಯಿಂದ ನಾಯಿ ಬೊಗಳಿದಂತೆ ಬರುವುದು, ಏರ್‌ಬಸ್ 320ರ ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡ ಸರಿದೂಗಿಸುವ ಪಿಟಿಯು. ಮೇಲೆದ್ದ ಕೂಡಲೇ ಧಡ್ ಎನ್ನುವುದು ಚಕ್ರ ಒಳಗೆ ಹೋದದ್ದು. ಆಮೇಲೆ ಸದ್ದು ಇಳಿಯುವುದು ಎಂಜಿನ್ ಕೆಟ್ಟಲ್ಲ, ನೆಲ ಬಿಟ್ಟೇಳಲು ಬೇಕಾದಷ್ಟು ಜೋರು ಇನ್ನು ಬೇಡವೆಂದು ಪೈಲಟ್ ತಗ್ಗಿಸುವುದು. ಫೀಡ್ ಕಮ್ಮಿ ಮಾಡಿದ, ಅಷ್ಟೇ. ಅದು ಬಂತು. ಹೊಟ್ಟೆ ಆಗಲೂ ಮೇಲೆ ಬಂತು. ಹೊಟ್ಟೆಗೆ ಓದು ಬರಹ ಹತ್ತುವುದಿಲ್ಲ. ಪಾರ್ಕಿನವರು ಹೇಳಿದಂತೆ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟೆ. ಇದು ಕೆಲಸ ಮಾಡುತ್ತದೆ, ಒಪ್ಪಿದೆ. ಹೆಂಡತಿ ಕೋಡುಬಳೆ ಪೊಟ್ಟಣ ತೆಗೆದಳು, ಅದು ಗಾಳಿ ತುಂಬಿ ಉಬ್ಬಿತ್ತು. ಒಳಗಿನ ಗಾಳಿ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿರುವಷ್ಟು ತೆಳು, ಮುಳ್ಳಯ್ಯನಗಿರಿ ತುದಿಯಲ್ಲಿ ಕೂತು ತಿಂದಂತೆ ಎಂದು ವಿವರಿಸಿದೆ. 'ತಿನ್ನಿ ಸುಮ್ನೆ' ಎಂದಳು.

ದೆಹಲಿಯಿಂದ ಬರುವಾಗ ನನ್ನ ಪಕ್ಕ ಕಿಟಕಿಯ ಸೀಟಿನಲ್ಲಿ ಕೆಂಗೇರಿ ಉಪನಗರದ ಸಾಫ್ಟ್‌ವೇರ್ ಹುಡುಗ. ವಾರಕ್ಕೊಮ್ಮೆ ಓಡಾಡುವವನಂತೆ, ಕಿವಿಗೆ ಏನೋ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದ. ಬೊಗಳುವ ಸದ್ದು ಬಂದಾಗ ಅವನ ಭುಜ ತಟ್ಟಿ, ಇದು ಪಿಟಿಯು ಎಂದೆ. ಪಾಪ, ಗೊತ್ತಿರಲಿಲ್ಲ. ಕಿವಿಯಿಂದ ಅದನ್ನು ತೆಗೆದ. ರೆಕ್ಕೆ ಅಲುಗುತ್ತಿರುವುದನ್ನು ತೋರಿಸಿ, ಮುರಿಯಲು ಎಷ್ಟು ಬಗ್ಗಬೇಕು ಎಂದು ಹೇಳಿದೆ. ಸಿಡಿಲು ಹೊಡೆದರೂ ಕರೆಂಟು ಹೊರಮೈಯಲ್ಲೇ ಹರಿದುಹೋಗುತ್ತದೆ, ವರ್ಷಕ್ಕೆ ಸರಾಸರಿ ಒಂದು ಸಲ ಪ್ರತಿ ವಿಮಾನಕ್ಕೂ ಹೊಡೆಯುತ್ತದೆ ಎಂದೆ. ಗಿಮ್ಲಿಯ ಕತೆ ಅರ್ಧಕ್ಕೆ ಬಂದಿತ್ತು, ಎರಡೂ ಎಂಜಿನ್ ನಿಂತಿದ್ದವು, ಅಷ್ಟರಲ್ಲಿ ಅವನು ಗಗನಸಖಿಯನ್ನು ಕರೆಯುವ ಗುಂಡಿ ಒತ್ತಿ, ಹಿಂದುಗಡೆ ಯಾವುದಾದರೂ ಸೀಟು ಖಾಲಿ ಇದೆಯಾ ಎಂದು ಕೇಳಿದ. ಇರಲಿಲ್ಲ. ಬೆಲ್ಟನ್ನು ಮತ್ತೊಂದು ಸುತ್ತು ಬಿಗಿ ಮಾಡಿಕೊಂಡ.

'ಭಯ ಬೀಳಬೇಡಪ್ಪ, ಎಲ್ಲರೂ ಬದುಕಿದರು' ಎಂದೆ.

ಈ ಕಡೆಯಿಂದ ಹೆಂಡತಿ ನನ್ನ ಕೈಗೆ ಕೋಡುಬಳೆ ತುರುಕಿದಳು.