ಸೆಟ್ ಆಗುತ್ತೆ ಸಾರ್!

ಬ್ರೇಕ್ ಸರಿಮಾಡಲು ಬಿಟ್ಟ ಸ್ಕೂಟರ್ ಹಾರ್ನನ್ನೂ ಕಳೆದುಕೊಂಡು ಬಂದರೆ ಮೆಕ್ಯಾನಿಕ್ ಹೇಳುವುದು ಒಂದೇ ಮಾತು: "ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ ಸಾರ್." ಸೆಟ್ ಆಗುವುದು ನಾವು.

ದುಡ್ಡು ಕೊಡಲ್ಲ ಅಂತ ರೋಪು ಹಾಕುವ ಮುನ್ನ ಕೊಂಚ ತಡೆಯಿರಿ. 1872ರ ಕರಾರು ಕಾಯ್ದೆಯ 170ನೇ ಕಲಮಿನಂತೆ, ಒಪ್ಪಿದ ಕೆಲಸ ಮಾಡಿದವನು ಕೂಲಿ ಸಿಗುವ ತನಕ ಗಾಡಿ ಇಟ್ಟುಕೊಳ್ಳಬಹುದು. "ಕೆಡಿಸಿದ್ದೂ ಒಂದು ಕೆಲಸವೇ?" ಎಂದು ಗ್ಯಾರೇಜಿನ ಎಣ್ಣೆನೆಲದ ಮೇಲೆ ನಿಂತು ವಾದಿಸಿದರೆ ಜಾರಿಬೀಳುವುದಷ್ಟೇ ಲಾಭ. ತಕರಾರನ್ನು ಬರೆದುಕೊಟ್ಟು, ಹಣ ಕಟ್ಟಿ, ಬಿಲ್ ಕೇಳಿ. ಬಿಲ್ ಎಂದೊಡನೆ ಅವನಿಗೆ ಪ್ರಿಂಟರ್ ಕೆಟ್ಟಿರುವುದು ನೆನಪಾಗುತ್ತದೆ, ಬಿಡಬೇಡಿ. ಹಳೇ ಪಾರ್ಟುಗಳನ್ನೂ ಹೊತ್ತು ತನ್ನಿ, ಮನೆಯಲ್ಲಿ ಬೈದರೂ ಸರಿ.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಆಮೇಲೊಂದು ನೋಟಿಸು. ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, 2 ವರ್ಷದೊಳಗೆ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೇವಾ ನ್ಯೂನತೆಯ ದೂರು. ತೆತ್ತ ಹಣ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. 3 ತಿಂಗಳಲ್ಲಿ, ಬಿಡಿಭಾಗದ ಪರೀಕ್ಷೆ ಬೇಕಿದ್ದರೆ 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಗ್ಯಾರೇಜಿನವನೂ "ಸಂಜೆಗೆ ರೆಡಿ" ಅಂದಿದ್ದನಲ್ಲ!