ನಾರದಮುನಿ ಊರಾಗ ಮೋಜಣಿ

ಬೇಲಿಯಾಚೆಯ ಕಾಕಾಗೂ ನನಗೂ ಯಾವ ತಂಟೆಯೂ ಇಲ್ಲ, ಬದುವಿನ ಒಂದು ಗೇಣು ನೆಲದ್ದೊಂದು ಬಿಟ್ಟರೆ. ಹದ್ದುಬಸ್ತಿಗೆ ಅರ್ಜಿ ಹಾಕಿದ್ದಾಯ್ತು. ಈಗ ಸರ್ವೆಯವರು ಸರಪಳಿ ಬಿಟ್ಟು, ಉಪಗ್ರಹದ ಸಂಕೇತದಿಂದ ಜಾಗ ಅಳೆಯುವ ರೋವರ್ ಹಿಡಿದಿದ್ದಾರೆ. ಬೇವಿನ ಮರದಡಿ ನಿಂತರೆ ‘ಫಿಕ್ಸ್ ಆಗ್ತಿಲ್ಲ’ ಅನ್ನುತ್ತ ಬಯಲಿಗೆ ಸರಿಯುತ್ತಾರೆ.

“ಅಲ್ಲೋ ತಮ್ಮಾ, ಮ್ಯಾಲಿರೋದು ಅಮೆರಿಕದ ಉಪಗ್ರಹ. ನಮ್ಮೂರು ಚಿಗಟೇರಿ ಬದು ಅದಕ್ಕೇನು ಗೊತ್ತು?”

“ರಷ್ಯಾದ್ದು, ಚೀನಾದ್ದು, ಯುರೋಪಿಂದೂ ಅದಾವು ಕಾಕಾ. ತಾನು ಎಲ್ಲಿ ಅದೀನಿ ಅಂತ ಅದು ಹೇಳ್ತೈತಿ, ನಾವು ಎಲ್ಲಿ ಅದೀವಿ ಅಂತ ರೋವರ್ ಲೆಕ್ಕ ಹಾಕ್ತೈತಿ.”

“ಅದು ಹೇಳಿದ್ದೇ ಸುಳ್ಳಿದ್ರ?”

ಕಾಕಾ ಪಾಟೀಸವಾಲಿನಲ್ಲಿ ಪಳಗಿದವರು. 20,200 ಕಿ.ಮೀ. ಮೇಲೆ ಓಡುವ ಜಿಪಿಎಸ್ ಉಪಗ್ರಹ ತನ್ನ ಜಾಗ ಹೇಳುವಾಗ ಮೀಟರಿನಷ್ಟು ಆಚೀಚೆ ಆಗುವುದುಂಟು. ಅದನ್ನು ತಿದ್ದಿ ಕೊಡಲು 1994ರಿಂದ ಐಜಿಎಸ್ ಎಂಬ ಒಕ್ಕೂಟವಿದೆ. ಲೋಕದ ತುಂಬ ಅದರ ನೂರಾರು ಠಾಣೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ತೊಂಬತ್ತರ ದಶಕದಿಂದ ಒಂದಿದೆ. ಅವು ಕಳಿಸಿದ್ದನ್ನು ಪಸಡೀನಾ, ಬರ್ನ್, ಪಾಟ್ಸ್‌ಡ್ಯಾಮ್, ವುಹಾನಿನವರು ಬೇರೆಬೇರೆ ಲೆಕ್ಕ ಹಾಕುತ್ತಾರೆ, ಆಮೇಲೆ ಎಲ್ಲ ಸೇರಿಸಿ ತಾಳೆ ನೋಡುತ್ತಾರೆ. ಎರಡು ವಾರದ ಸುಮಾರಿಗೆ ಬರುವ ಕೊನೆಯ ಲೆಕ್ಕದಲ್ಲಿ ತಪ್ಪು 2.5 ಸೆಂ.ಮೀ. ಆಸುಪಾಸು. ಯಾರಿಗೆ ಬೇಕಾದರೂ ಪುಕ್ಕಟೆ. ರೋವರ್ ಅಷ್ಟು ದಿನ ಕಾಯುವುದಿಲ್ಲ; ಅದಕ್ಕೆ ಸರ್ವೆ ಆಫ್ ಇಂಡಿಯಾದ ಠಾಣೆಗಳು ಅಲ್ಲಿಂದಲ್ಲಿಗೇ ತಿದ್ದುಪಡಿ ಕಳಿಸುತ್ತವೆ.

“ಚೀನಾದವರು ಅಮೆರಿಕದವರಿಗೆ ಲೆಕ್ಕ ತೋರಿಸ್ತಾರೇನು?”

“ತೋರಿಸ್ತಾರ.”

“ನೀನು ನಿಮ್ಮಪ್ಪನ ಕ್ರಯಪತ್ರ ಇನ್ನೂ ತೋರಿಸಿಲ್ಲ ನನಗ.”

ಮಾತು ತೇಲಿಸಲು ನಮ್ಮೂರ ದೇವರು ನಾರದಮುನಿಯನ್ನೇ ಎಳೆದು ತಂದೆ. ಮೂರು ಲೋಕ ಸುತ್ತಿ ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಮುಟ್ಟಿಸುವ ಮುನಿಯ ಕೆಲಸ ಈಗ ಐಜಿಎಸ್ ಮಾಡುತ್ತಿದೆ, ಜಗಳ ಹಚ್ಚುವುದೊಂದು ಬಿಟ್ಟು ಎಂದೆ. ಕಾಕಾಗೆ ರುಚಿಸಲಿಲ್ಲ. ಮುನಿ ಹಚ್ಚಿದ ಜಗಳವೂ ಲೋಕಕಲ್ಯಾಣಕ್ಕೇ ಅಂತೆ.

ಇರಲಿ ಎಂದು ಇನ್ನೊಂದು ಹೇಳಿದೆ. ಈ ಠಾಣೆಗಳನ್ನು ವರ್ಷಗಟ್ಟಲೆ ಅಳೆದು ನೋಡಿದರೆ, ನಮ್ಮ ನೆಲ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ.

“ಅಂದ್ರ ನಾಕೈದು ವರ್ಷಕ್ಕ ಒಂದು ಗೇಣು!” ಕಾಕಾ ಬೇಲಿಗೇ ಬಂದರು. “ನೋಡು ಮತ್ತ, ನಾ ಒತ್ತಿಲ್ಲ, ನೆಲಾನ ಒತ್ತೈತಿ. ಇದನ್ನ ಬರಕೊಡು, ಸರ್ವೆಯವರಿಗೆ ತೋರಿಸ್ತೀನಿ.”

“ನನ್ನ ಹೊಲಾನೂ ಕೂಡೇ ಸರೀತೈತಿ ಕಾಕಾ.”

“ಅದನ್ನ ಬರೀಬ್ಯಾಡ.”